ವಿಕಾಸವಾದ: ಬಂಡೆಗಳಲ್ಲಿ ಇತಿಹಾಸ, ಹತ್ತಿ ಹೊಲದಲ್ಲಿ ವರ್ತಮಾನ

ರಾಯಚೂರು: ಜೀವ ಹೇಗೆ ಹುಟ್ಟಿತು? ಹುಟ್ಟಿದ ಜೀವ ಇಷ್ಟೊಂದು ಬಗೆಯ ಸಸ್ಯ, ಪ್ರಾಣಿಗಳಾಗಿ ಹೇಗೆ ಕವಲೊಡೆಯಿತು? ಒಂದೇ ಎಂದು ಹಲವರು ಭಾವಿಸುವ ಈ ಎರಡು ಪ್ರಶ್ನೆಗಳು ವಿಜ್ಞಾನದ ದೃಷ್ಟಿಯಲ್ಲಿ ಬೇರೆ ಬೇರೆ. ಮೊದಲನೆಯದಕ್ಕೆ ಪೂರ್ಣ ಉತ್ತರ ಇನ್ನೂ ದೊರೆತಿಲ್ಲ. ಎರಡನೆಯದಕ್ಕೆ ದೊರೆತ ಉತ್ತರವೇ ವಿಕಾಸವಾದ. ಅದರ ಪರಿಣಾಮವನ್ನು ರಾಯಚೂರು ಜಿಲ್ಲೆಯ ಹತ್ತಿ ಬೆಳೆಗಾರರು ತಮ್ಮ ಹೊಲಗಳಲ್ಲೇ ಕಂಡಿದ್ದಾರೆ.

ಜೀವದ ಉಗಮ

ಆದಿಮ ಸಾಗರದ ರಾಸಾಯನಿಕ ಕ್ರಿಯೆಗಳಿಂದ ಜೀವ ಮೂಡಿರಬಹುದೆಂದು ರಷ್ಯಾದ ಒಪಾರಿನ್ 1924ರಲ್ಲಿ, ಬ್ರಿಟನ್ನಿನ ಜೆ.ಬಿ.ಎಸ್. ಹಾಲ್ಡೇನ್ 1929ರಲ್ಲಿ ಪ್ರತಿಪಾದಿಸಿದರು. ಹಾಲ್ಡೇನ್ ಮುಂದೆ ಭಾರತದ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು. ಅಮೆರಿಕದ ಸ್ಟ್ಯಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯಾ, ಜಲಜನಕ ಹಾಗೂ ನೀರಾವಿಯ ಮಿಶ್ರಣಕ್ಕೆ ವಿದ್ಯುತ್ ಕಿಡಿ ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದ ಪ್ರಯೋಗ 1953ರಲ್ಲಿ ಪ್ರಕಟವಾಯಿತು. ದೊರೆತದ್ದು ಜೀವಿಯಲ್ಲ, ಜೀವಿಗೆ ಬೇಕಾದ ಸಾಮಗ್ರಿ ಮಾತ್ರ.

ಚಂದ್ರಬಂಡ, ಮಾನ್ವಿ, ದೇವದುರ್ಗ ಭಾಗದ ಗ್ರಾನೈಟ್ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು. ಭೂಗರ್ಭದ ಶಿಲಾಪಾಕ ತಣಿದು ರೂಪುಗೊಂಡದ್ದರಿಂದ ಇವುಗಳಲ್ಲಿ ಪಳೆಯುಳಿಕೆ ಸಿಗದು. ಆದರೆ ನೀರಿನಡಿ ಪದರ ಪದರವಾಗಿ ಶೇಖರಗೊಂಡ ಚಿತ್ರದುರ್ಗ ಭಾಗದ ಸುಣ್ಣಕಲ್ಲುಗಳಲ್ಲಿ, ಸೂಕ್ಷ್ಮಜೀವಿಗಳು ಕಟ್ಟಿದ ‘ಸ್ಟ್ರೊಮಟೊಲೈಟ್’ ಎಂಬ ರಚನೆಗಳು ಉಳಿದಿವೆ. ಸುಮಾರು 260 ಕೋಟಿ ವರ್ಷಗಳ ಹಿಂದೆಯೇ ಇಲ್ಲಿ ಜೀವವಿತ್ತು ಎಂಬುದಕ್ಕೆ ಅವು ಸಾಕ್ಷಿ.

ನೈಸರ್ಗಿಕ ಆಯ್ಕೆ

ಚಾರ್ಲ್ಸ್ ಡಾರ್ವಿನ್ ಮತ್ತು ಆಲ್‌ಫ್ರೆಡ್ ವ್ಯಾಲೇಸ್ ಅವರ ಪ್ರಬಂಧಗಳು 1858ರಲ್ಲಿ ಲಂಡನ್ನಿನಲ್ಲಿ ಒಟ್ಟಿಗೆ ಮಂಡನೆಯಾದವು. ಡಾರ್ವಿನ್ನನ ಗ್ರಂಥ ಮರುವರ್ಷ ಹೊರಬಂದಿತು. ಒಂದೇ ಜಾತಿಯ ಜೀವಿಗಳಲ್ಲಿ ಹುಟ್ಟಿನಿಂದಲೇ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಪರಿಸರಕ್ಕೆ ಹೊಂದುವ ಗುಣವುಳ್ಳವು ಹೆಚ್ಚು ಸಂತತಿ ಬಿಡುತ್ತವೆ. ಆ ಗುಣ ತಲೆಮಾರಿನಿಂದ ತಲೆಮಾರಿಗೆ ಹಬ್ಬುತ್ತದೆ. ಇದೇ ಸಿದ್ಧಾಂತದ ತಿರುಳು. ಮನುಷ್ಯ ಇಂದಿನ ಮಂಗನಿಂದ ಹುಟ್ಟಿದನೆಂದು ಅದು ಹೇಳುವುದಿಲ್ಲ. ಇಬ್ಬರಿಗೂ ಸಮಾನ ಪೂರ್ವಜರಿದ್ದರು ಎನ್ನುತ್ತದೆ.

ಹೊಲದಲ್ಲಿ ವಿಕಾಸ

ಮಣ್ಣಿನ ಬ್ಯಾಕ್ಟೀರಿಯಾ ಒಂದರ ವಂಶವಾಹಿಯನ್ನು ಸೇರಿಸಿದ ಬಿ.ಟಿ. ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಈ ಗಿಡವನ್ನು ತಿಂದ ಕಾಯಿಕೊರಕ ಹುಳುಗಳು ಸಾಯುತ್ತಿದ್ದವು. ಆದರೆ ಕೋಟ್ಯಂತರ ಹುಳುಗಳ ನಡುವೆ ವಿಷವನ್ನು ತಾಳಿಕೊಳ್ಳಬಲ್ಲ ಕೆಲವು ಉಳಿದು, ಸಂತತಿ ಬೆಳೆಸಿದವು. ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ನಿರೋಧಕ ಶಕ್ತಿ ಪಡೆದಿರುವುದು 2010ರಲ್ಲಿ ಬಹಿರಂಗವಾಯಿತು. 2006ರಲ್ಲಿ ಬಂದಿದ್ದ, ಎರಡು ವಂಶವಾಹಿಗಳುಳ್ಳ ತಳಿಗಳನ್ನೂ ಹುಳು ಮುಂದೆ ಜಯಿಸಿತು. ರಾಯಚೂರು ಸೇರಿದಂತೆ ಹಲವು ಜಿಲ್ಲೆಗಳ ಬೆಳೆಗಾರರು ನಷ್ಟ ಅನುಭವಿಸಿದರು.

ಇದನ್ನು ತಡೆಯಲೆಂದೇ ಬಿ.ಟಿ. ಬೀಜದ ಜೊತೆ 120 ಗ್ರಾಂ ಸಾಮಾನ್ಯ ಹತ್ತಿ ಬೀಜವನ್ನು ಪ್ರತ್ಯೇಕ ಪೊಟ್ಟಣದಲ್ಲಿ ನೀಡಲಾಗುತ್ತಿತ್ತು. ಅದನ್ನು ಹೊಲದ ಅಂಚಿನಲ್ಲಿ ಆಶ್ರಯ ಬೆಳೆಯಾಗಿ ಬಿತ್ತಬೇಕಿತ್ತು. ಅಲ್ಲಿ ಬದುಕುಳಿದ, ನಿರೋಧಕ ಶಕ್ತಿಯಿಲ್ಲದ ಪತಂಗಗಳು ನಿರೋಧಕ ಪತಂಗಗಳೊಡನೆ ಕೂಡಿದರೆ, ಹುಟ್ಟುವ ಮರಿಗಳು ಬಿ.ಟಿ. ಗಿಡ ತಿಂದು ಸಾಯುತ್ತವೆ ಎಂಬುದು ಲೆಕ್ಕಾಚಾರ. ಇದರ ಕಾರಣ ತಿಳಿಯದೆ ಅನೇಕ ರೈತರು ಆ ಬೀಜವನ್ನು ಬಿತ್ತದೆ ಬಿಟ್ಟರು.

ಪಠ್ಯದಿಂದ ಹೊರಕ್ಕೆ

ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿ ವಿಜ್ಞಾನ ಪಠ್ಯದಿಂದ ವಿಕಾಸದ ಭಾಗವನ್ನು ಕೈಬಿಟ್ಟದ್ದನ್ನು ವಿರೋಧಿಸಿ, 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹತ್ತನೆಯ ತರಗತಿಯ ಬಳಿಕ ಜೀವಶಾಸ್ತ್ರವನ್ನು ಆಯ್ದುಕೊಳ್ಳದವರಿಗೆ ಈ ವಿಷಯ ಶಾಲೆಯಲ್ಲಿ ಮತ್ತೆ ಎದುರಾಗುವುದಿಲ್ಲ. ಆಶ್ರಯ ಬೆಳೆ ಏಕೆ ಬೇಕು, ವೈದ್ಯರು ಬರೆದುಕೊಟ್ಟ ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ಮನಬಂದಂತೆ ಏಕೆ ಬಳಸಬಾರದು ಎಂಬ ಪ್ರಶ್ನೆಗಳಿಗೆ ಉತ್ತರವಿರುವುದು ಇದೇ ಪಾಠದಲ್ಲಿ.