ಮೈಸೂರು ಅಂಚೆಯ ಲಕೋಟೆಗಳ ಮೌಲ್ಯವಿಚಾರ

ಹಳೆಯ ಅಂಚೆಚೀಟಿಗಳನ್ನೂ ಲಕೋಟೆಗಳನ್ನೂ ಸಂಗ್ರಹಿಸಿ ಪರೀಕ್ಷಿಸುವುದು ಪಾಶ್ಚಾತ್ಯ ದೇಶಗಳಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳು ೧೮೪೭ನೆಯ ಇಸವಿ ಜುಲೈ ೧ರಲ್ಲಿ ಫ್ರಾಂಕ್ಲಿನ್ನನ ಮುಖವುಳ್ಳ ಐದು ಸೆಂಟಿನ ಚೀಟಿಯನ್ನೂ ವಾಷಿಂಗ್ಟನ್ನನ ಮುಖವುಳ್ಳ ಹತ್ತು ಸೆಂಟಿನ ಚೀಟಿಯನ್ನೂ ಮೊದಲಿಗೆ ಹೊರಡಿಸಿದುವು. ಆ ದೇಶದ ೧೮೬೮ರ ಒಂದು ಸೆಂಟಿನ ಚೀಟಿಗಳಲ್ಲಿ ಒಂದು ವಿಶೇಷವಾದ ಜಾಲರಿಯ ಒತ್ತು ಬಿದ್ದವು ಎರಡೇ ಈಗ ತಿಳಿದಿರುವುವು. ಒಂದು ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಭಂಡಾರದ ಸ್ವತ್ತು, ಮತ್ತೊಂದು ೨೦೨೪ರ ಹರಾಜಿನಲ್ಲಿ ನಲವತ್ತು ಲಕ್ಷ ಡಾಲರುಗಳನ್ನು ಮೀರಿದ ಬೆಲೆಗೆ ಹೋಯಿತು. ಇಂತಹ ವಾರ್ತೆಗಳನ್ನು ಕೇಳಿದವರು ತಮ್ಮ ಮನೆಯ ಹಳೆಯ ಕಾಗದಗಳಿಂದ ಚೀಟಿಗಳನ್ನು ಕತ್ತರಿಸಿ, ನೀರಿನಲ್ಲಿ ನೆನೆಯಿಸಿ ಬಿಡಿಸಿ, ಚೀಟಿಯಿಲ್ಲದ ಕಾಗದಗಳನ್ನು ರದ್ದಿಗೆ ಹಾಕುತ್ತಿರುವುದುಂಟು. ನಮ್ಮ ದೇಶದ ಮಟ್ಟಿಗೆ ಇದು ಹೊಟ್ಟನ್ನು ಕಟ್ಟಿಟ್ಟು ಕಾಳನ್ನು ಚೆಲ್ಲಿದಂತೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ಮೈಸೂರು ಸಂಸ್ಥಾನದ ಅಂಚೆಯು ೧೬೭೨ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾಯಿತೆಂದು ಪ್ರಸಿದ್ಧಿಯಿದೆ. ಕಾಗದಗಳನ್ನು ಸಾಗಿಸುವುದರ ಜತೆಗೆ ಸೀಮೆಯ ಸಮಾಚಾರವನ್ನು ಸಂಗ್ರಹಿಸಿ ಅರಸರಿಗೆ ಮುಟ್ಟಿಸುವುದೂ ಈ ಅಂಚೆಯವರ ಕೆಲಸವಾಗಿತ್ತೆಂದು ಕರ್ನಲ್ ವಿಲ್ಕ್ಸನು ತನ್ನ ಮೈಸೂರಿನ ಇತಿಹಾಸದಲ್ಲಿ ಹೇಳಿದ್ದಾನೆ. ಹೈದರ್, ಟೀಪು ಇವರ ಕಾಲವನ್ನು ದಾಟಿ, ೧೭೯೯ರಲ್ಲಿ ಒಡೆಯರ ವಂಶಕ್ಕೆ ರಾಜ್ಯವು ಮರಳಿದ ಮೇಲೆಯೂ, ೧೮೩೧ರಲ್ಲಿ ಆಡಳಿತವು ಆಂಗ್ಲ ಕಮಿಷನರ ಕೈಸೇರಿದ ಮೇಲೆಯೂ, ೧೮೮೧ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಅದು ಹಿಂದಿರುಗಿದ ಮೇಲೆಯೂ ಈ ಅಂಚೆಯು ನಡೆದೇ ಇತ್ತು. ಕಡೆಗೆ ೧೮೮೯ರಲ್ಲಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ಇಂಡಿಯಾ ಸರ್ಕಾರದ ಅಂಚೆಯಲ್ಲಿ ಲೀನವಾಯಿತು.

‘ಅಂಚೆ’ ಎಂಬ ಶಬ್ದವು ಹಂಸಶಬ್ದದ ತದ್ಭವವೆಂದೂ, ನಳದಮಯಂತಿಯರಿಗೆ ಹಂಸವು ದೂತನಾದುದರಿಂದ ಈ ಅರ್ಥ ಬಂದಿತೆಂದೂ ಹೇಳುವ ವಾಡಿಕೆಯಿದೆ. ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸವೆಂಬುದು ನಿಶ್ಚಯವೇ. ಆದರೆ ತಿರುವಾಂಕೂರು ಕೊಚ್ಚಿಗಳಲ್ಲಿ ಅಂಚೆಗೆ ‘ಅಂಚಲ್’ ಎಂದೇ ಹೆಸರಿತ್ತು. ತಮಿಳಿನಲ್ಲಿಯೂ ‘ಅಂಜಲ್’ ಎನ್ನುವರು. ಈ ಲಕಾರಾಂತ ರೂಪಗಳನ್ನು ಹಂಸದಿಂದ ಸಾಧಿಸುವುದು ಸುಲಭವಲ್ಲವಾದುದರಿಂದ, ಹಂಸದ ಕಥೆಯನ್ನು ಚಮತ್ಕಾರವೆಂದು ಗ್ರಹಿಸಬಹುದೇ ಹೊರತು ಪ್ರಮಾಣವೆಂದಲ್ಲ.

ಇನ್ನು ಪ್ರಕೃತವನ್ನು ಅನುಸರಿಸೋಣ. ಇಂಡಿಯಾ ಸರ್ಕಾರವು ೧೮೫೪ರ ಅಕ್ಟೋಬರಿನಿಂದ ದೇಶಕ್ಕೆಲ್ಲ ಅಂಟುಚೀಟಿಗಳನ್ನು ಜಾರಿಗೆ ತಂದಿತು. ಕಾಲು ತೊಲದ ಕಾಗದಕ್ಕೆ, ದೂರವೆಷ್ಟಾದರೂ, ಅರ್ಧ ಆಣೆ. ಹೈದರಾಬಾದು, ಕಾಶ್ಮೀರ, ತಿರುವಾಂಕೂರು ಮೊದಲಾದ ಸಂಸ್ಥಾನಗಳು ತಮ್ಮವೇ ಆದ ಚೀಟಿಗಳನ್ನು ಅಚ್ಚುಮಾಡಿಸಿದುವು. ಮೈಸೂರು ಅಂಚೆಯಾದರೋ ಅಂಟುಚೀಟಿಯನ್ನೇ ಹೊರಡಿಸಲಿಲ್ಲ. ಅಲ್ಲಿ ಕೈಮುದ್ರೆಯೇ ಎಲ್ಲ. ಮೈಸೂರಿನ ಹೆಸರುಳ್ಳ ಕೋರ್ಟುಫೀ ಮುದ್ರೆಗಳೂ ಛಾಪಾಕಾಗದಗಳೂ ಇವೆಯಷ್ಟೆ. ಅವು ನ್ಯಾಯಸ್ಥಾನಕ್ಕೂ ಕ್ರಯಪತ್ರಗಳಿಗೂ ಸೇರಿದವು, ಅಂಚೆಯವಲ್ಲ. ಅವನ್ನು ಅಂಚೆಚೀಟಿಗಳೆಂದು ಮಾರುವವರಿಂದ ಕೊಳ್ಳುವವರು ಎಚ್ಚರವಾಗಿರತಕ್ಕುದು. ಆದಕಾರಣ ೧೮೫೪ರಿಂದ ೧೮೮೯ರವರೆಗಿನ ಮೂವತ್ತೈದು ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಚೀಟಿಯುಳ್ಳ ಟಪಾಲೂ ಚೀಟಿಯಿಲ್ಲದ ಅಂಚೆಯೂ ಏಕಕಾಲದಲ್ಲಿ ಇದ್ದುವು. ಆ ಕಾಲದ ಲಕೋಟೆಯ ಮೇಲೆ ಚೀಟಿಯಿಲ್ಲದಿದ್ದರೆ ಅದು ನ್ಯೂನತೆಯಲ್ಲ. ಮೈಸೂರು ಅಂಚೆಯ ಕುರುಹೇ ಆಗಿರಬಹುದು.

ಬೆಂಗಳೂರಿನ ಸುತ್ತಣ ನಾಲ್ಕು ತಾಲ್ಲೂಕುಗಳಿಗೆ ಈ ವಿಚಾರವು ವಿಶೇಷವಾಗಿ ಸಲ್ಲುತ್ತದೆ. ಹೊಸಕೋಟೆಯು ಕೋಲಾರದ ಮೇಲೆ ಮದರಾಸಿಗೆ ಹೋಗುವ ದಾರಿಯಲ್ಲಿದೆ. ದೇವನಹಳ್ಳಿಯು ಬಳ್ಳಾರಿಯ ದಾರಿಯಲ್ಲಿ. ನೆಲಮಂಗಲವು ತುಮಕೂರಿನ ದಾರಿಯಲ್ಲಿ. ದೊಡ್ಡಬಳ್ಳಾಪುರವು ಹಿಂದೂಪುರದ ಕಡೆಯ ದಾರಿಯಲ್ಲಿ. ರೈಲು ೧೮೬೪ರಲ್ಲಿ ಬೆಂಗಳೂರಿಗೆ ಬರುವುದಕ್ಕೆ ಮುಂಚೆ ರಾಜಧಾನಿಯ ಪತ್ರವ್ಯವಹಾರವು ಇಂತಹ ದಾರಿಗಳಲ್ಲೇ ಸಾಗಬೇಕಾಗಿತ್ತು. ಯಾವ ಪತ್ರವು ಯಾವ ಊರಿನ ಮುದ್ರೆಯನ್ನು ಪಡೆದು, ಎಷ್ಟು ದಿನಗಳಲ್ಲಿ ಮುಟ್ಟಿತು ಎಂಬುದನ್ನು ತಿಳಿಸಲು ಲಕೋಟೆಯ ಬೆನ್ನಿಗಿಂತ ಮೇಲಾದ ಶಾಸನವಿಲ್ಲ.

ಹಾಗಾದರೆ ಇವುಗಳಿಗೆ ಬೆಲೆ ಕಟ್ಟುವ ಕ್ರಮವೆಂತು? ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮುತ್ತಿನ ಬೆಲೆಯನ್ನು ಹೇಳುವುದಕ್ಕೆ ಮೊದಲು ಅದರ ಆಕರಗಳನ್ನೂ ಆಯಾ ಆಕರದ ಲಕ್ಷಣಗಳನ್ನೂ ಹೇಳುತ್ತಾನೆ. ಈ ಕ್ರಮವೇ ಇಲ್ಲಿಯೂ ಯುಕ್ತವು. ಮೊದಲು ಆಕರ: ಯಾವ ಊರಿನ ಯಾವ ಮನೆಯ ಕಟ್ಟಿನಿಂದ ಬಂದುದು? ಅನಂತರ ಕಾಲ, ಮಾರ್ಗ, ದರ. ಕಡೆಗೆ ಕಾಗದದ ಸ್ಥಿತಿ. ಅಮೆರಿಕಾದ ಪರೀಕ್ಷಕರೂ ಹೀಗೆಯೇ ನೋಡುವರು. ಅಲ್ಲಿ ೧೮೪೫ರ ಕಾನೂನಿನಂತೆ ಅರ್ಧ ಔನ್ಸು ಕಾಗದಕ್ಕೆ ಮುನ್ನೂರು ಮೈಲಿಯವರೆಗೆ ಐದು ಸೆಂಟು, ಮೀರಿದರೆ ಹತ್ತು. ಆದುದರಿಂದ ನ್ಯೂಯಾರ್ಕಿನಿಂದ ನ್ಯೂ ಆರ್ಲಿಯನ್ಸಿಗೆ ಹೋದ ೧೮೪೮ರ ಲಕೋಟೆಯ ಮೇಲೆ ಐದು ಸೆಂಟಿನ ಚೀಟಿ ಒಂದೇ ಇದ್ದರೆ ಶಂಕೆಗೆ ಎಡೆಯುಂಟು. ೧೮೪೭ರ ಚೀಟಿಗಳು ೧೮೫೧ರ ಜುಲೈ ೧ರಿಂದ ಚಲಾವಣೆ ತಪ್ಪಿದುವಾಗಿ, ಆಮೇಲಿನ ತಾರೀಖಿನ ಲಕೋಟೆಯಲ್ಲಿ ಅವು ಕಂಡರೂ ಹಾಗೆಯೇ. ಮುದ್ರೆಯ ಶಾಯಿಯು ಚೀಟಿಯಿಂದ ಲಕೋಟೆಯ ಮೇಲಕ್ಕೂ ಅಖಂಡವಾಗಿ ಹರಿದಿದೆಯೋ ಎಂದು ನೋಡುವುದೂ ಇದಕ್ಕೇ. ಲಕೋಟೆಯಿಂದ ಬಿಡಿಸಿದ ಚೀಟಿಯಲ್ಲಿ ಈ ಪರೀಕ್ಷೆಗಳಲ್ಲಿ ಒಂದೂ ನಡೆಯದು.

ಕಾಲನಿರ್ಣಯಕ್ಕೆ ಒಂದು ನಿದರ್ಶನವನ್ನು ಕೊಡುವೆನು. ಪತ್ರದಲ್ಲಿ ಜಯ ಸಂವತ್ಸರವೆಂದು ಮಾತ್ರ ಇದ್ದು ಶಕವರ್ಷವಿಲ್ಲವೆಂದು ಇಟ್ಟುಕೊಳ್ಳೋಣ. ಅರವತ್ತು ವರ್ಷಗಳ ಚಕ್ರದಲ್ಲಿ ಅದು ೧೭೭೪–೭೫, ೧೮೩೪–೩೫, ೧೮೯೪–೯೫ ಇವುಗಳಲ್ಲಿ ಯಾವುದಾದರೂ ಆಗಬಹುದು. ಬೆನ್ನಿನ ಮೇಲೆ ಮೈಸೂರು ಅಂಚೆಯ ಮುದ್ರೆಯಿದ್ದರೆ ಮೂರನೆಯದು ತಾನಾಗಿ ತಳ್ಳಿಹೋಗುವುದು, ಏಕೆಂದರೆ ಆ ವೇಳೆಗೆ ಅಂಚೆಯೇ ಇರಲಿಲ್ಲ. ಆ ಮುದ್ರೆಯಲ್ಲಿ ಇಂಗ್ಲಿಷ್ ಅಕ್ಷರಗಳಿದ್ದರೆ ಹೈದರನ ಕಾಲವೂ ಕಳೆದು, ೧೮೩೪–೩೫ ಒಂದೇ ಉಳಿಯುವುದು. ಮುದ್ರೆಯನ್ನು ಕತ್ತರಿಸಿ ತೆಗೆದರೆ ಪತ್ರಕ್ಕೆ ಕಾಲವಿಲ್ಲ. ಪತ್ರವನ್ನು ಎಸೆದರೆ ಮುದ್ರೆಗೆ ವರ್ಷವಿಲ್ಲ.

“ಕೊಳ್ಳುವವನು ಕೊಡುವುದೇ ಬೆಲೆ, ಮಿಕ್ಕ ವಿಚಾರವೇಕೆ?” ಎಂದು ಕೆಲವರು ಆಕ್ಷೇಪಿಸಬಹುದು. ಬೆಲೆ ಬೇರೆ, ಮೌಲ್ಯ ಬೇರೆ. ಬೆಲೆಯು ವಿರಳತೆಯಿಂದಲೂ ಕೊಳ್ಳುವವರ ಆಸೆಯಿಂದಲೂ ಏರಿಳಿಯುತ್ತದೆ. ಶ್ಯಾನುಭೋಗನೊಬ್ಬನು ಅಮಲ್ದಾರನಿಗೆ ಕೆರೆಯ ಕೋಡಿ ಒಡೆದುದನ್ನು ಬರೆದ ಕಾಗದಕ್ಕೆ ಹರಾಜಿನಲ್ಲಿ ಬೆಲೆ ಹುಟ್ಟದಿರಬಹುದು. ಆದರೆ ಆ ಊರಿನ ಚರಿತ್ರೆಗೆ ಅದರಷ್ಟು ಅಮೂಲ್ಯವಾದುದು ಇನ್ನೊಂದಿಲ್ಲ.

ಇದನ್ನು ಈಗಲೇ ಹೇಳಬೇಕಾದ ಕಾರಣವುಂಟು. ಪರಂಪರೆಯ ಗ್ರಾಮಾಧಿಕಾರಗಳು ೧೯೬೧ರ ಕಾನೂನಿನಿಂದ ರದ್ದಾದ ಮೇಲೆ ಪಟೇಲ ಶ್ಯಾನುಭೋಗರ ಮನೆಗಳ ದಫ್ತರಗಳನ್ನು ಕೇಳುವವರು ವಿರಳರಾದರು. ದೇವನಹಳ್ಳಿಯ ಬಳಿ ೨೦೦೮ರಲ್ಲಿ ವಿಮಾನನಿಲ್ದಾಣವು ತೆರೆದ ತರುವಾಯ ಆ ಪ್ರಾಂತದ ನೆಲಕ್ಕೆ ಬೆಲೆಯೇರಿ, ಹಳೆಯ ತೊಟ್ಟಿಮನೆಗಳು ಬೀಳುತ್ತಿವೆ. ನೆಲದ ಕ್ರಯಪತ್ರವನ್ನು ಜೋಪಾನವಾಗಿ ಎತ್ತಿಟ್ಟುಕೊಂಡವರು ಅದೇ ಕಟ್ಟಿನ ಕಾಗದಗಳನ್ನು ತಕ್ಕಡಿಗೆ ಹಾಕುವರು. ಎಪ್ಪತ್ತೈದು ವರ್ಷಗಳಿಗೆ ಮೇಲ್ಪಟ್ಟ, ಚಾರಿತ್ರಿಕ ಮೌಲ್ಯವುಳ್ಳ ಹಸ್ತಲಿಖಿತಗಳು ೧೯೭೨ರ ಕಾನೂನಿನಂತೆ ಪ್ರಾಚೀನವಸ್ತುಗಳೆನಿಸುತ್ತವೆ. ಅವನ್ನು ಖಾಸಗಿಯವರು ದೇಶದ ಹೊರಕ್ಕೆ ಕಳುಹಿಸುವುದಕ್ಕೆ ನಿಷೇಧವಿದೆ. ಆದರೆ ರದ್ದಿಯ ಅಂಗಡಿಗೆ ಹೋಗುವುದನ್ನು ಕಾನೂನು ತಡೆಯಲಾರದು.

ಆದಕಾರಣ ಈ ಪತ್ರಿಕೆಯ ವಾಚಕರಲ್ಲಿ ವಿಜ್ಞಾಪನೆಯಿಷ್ಟೆ. ಕಟ್ಟನ್ನು ಬಿಡಿಸುವ ಮೊದಲು ಅದರ ಕ್ರಮವನ್ನು ಬರೆದಿಡಬೇಕು. ಕತ್ತರಿಸಬಾರದು, ನೆನೆಯಿಸಬಾರದು, ಕಾಗದವನ್ನೂ ಲಕೋಟೆಯನ್ನೂ ಅಗಲಿಸಬಾರದು. ಮನೆಯ ಹೆಸರು, ಊರು, ದೊರೆತ ದಿನಗಳನ್ನು ಬೇರೆ ಹಾಳೆಯಲ್ಲಿ ಗುರುತಿಸಿ ಜತೆಯಲ್ಲಿಡಬೇಕು. ಮಾರಲೇಬೇಕಾದವರೂ ಎರಡು ಮಗ್ಗುಲಿನ ಪ್ರತಿಕೃತಿಯನ್ನು ತೆಗೆದಿರಿಸಿ ಮಾರಲಿ. ನಾಲ್ಕು ತಾಲ್ಲೂಕುಗಳ ನಾಲ್ಕು ಮನೆಗಳ ಕಟ್ಟುಗಳು ಹೀಗೆ ಪರಿಶೋಧನೆಗೆ ದೊರೆತರೂ, ಮೈಸೂರು ಅಂಚೆಯ ದಾರಿಗಳನ್ನು ಊರಿನಿಂದ ಊರಿಗೆ ಗುರುತಿಸುವ ಕಾರ್ಯಕ್ಕೆ ಬುನಾದಿಯಾದೀತು.