ಹಂಚಿಕೊಂಡ ಬಾಡಿಗೆ ಮನೆ: ನಡುಬಾಗಿಲಿಗೆ ಎಂಥ ಬೀಗ?

ಒಂದೇ ಸೂರಿನಡಿ ಎರಡು ಸಂಸಾರ, ನಡುವೆ ಒಂದು ಬಾಗಿಲು. ಬೆಂಗಳೂರು, ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇದು ಅಪರೂಪದ ದೃಶ್ಯವೇನಲ್ಲ. ಒಂದು ಕುಟುಂಬಕ್ಕೆಂದು ಕಟ್ಟಿದ ಮನೆ, ಮಕ್ಕಳು ದೂರ ಹೋದ ಮೇಲೆ ಎರಡು ಭಾಗವಾಗುತ್ತದೆ. ಹಿಂದಿನ ಕೋಣೆಗಳು ಬಾಡಿಗೆಗೆ ಹೋಗುತ್ತವೆ. ಗೋಡೆ ಎತ್ತರಿಸುವ ಖರ್ಚೇಕೆಂದು ಇದ್ದ ಬಾಗಿಲನ್ನೇ ಮುಚ್ಚಿ, ಮನೆ ಮಾಲೀಕರ ಕಡೆಯಿಂದ ಒಂದು ಚಿಲಕ ಹಾಕಿ ಕೆಲಸ ಮುಗಿಸಲಾಗುತ್ತದೆ.

ಆ ಚಿಲಕ ಮಾಲೀಕರಿಗೆ ನಿಶ್ಚಿಂತೆ ತರಬಹುದು. ಆದರೆ ಬಾಗಿಲಿನ ಆಚೆ ಮಲಗುವ ಬಾಡಿಗೆದಾರರಿಗೆ ಅದು ಯಾವ ಭದ್ರತೆಯನ್ನೂ ಕೊಡುವುದಿಲ್ಲ. ಯಾವ ಹೊತ್ತಿನಲ್ಲಾದರೂ ಬಾಗಿಲು ತೆರೆಯುವ ಅಧಿಕಾರ ಇನ್ನೊಬ್ಬರ ಕೈಯಲ್ಲಿರುತ್ತದೆ. ಒಂಟಿಯಾಗಿ ವಾಸಿಸುವ ಮಹಿಳೆಯರು, ವೃದ್ಧರು ಇರುವ ಮನೆಗಳಲ್ಲಿ ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಹೀಗಾಗಿ ನಡುಬಾಗಿಲಿನ ಬೀಗವನ್ನು ಮುಂಬಾಗಿಲಿನ ಬೀಗದಷ್ಟೇ ಯೋಚಿಸಿ ಆರಿಸಬೇಕಾಗುತ್ತದೆ.

ಮೊದಲು ಬಾಗಿಲಿನ ಉದ್ದೇಶ ತಿಳಿಯಿರಿ

ಅಂಗಡಿಗೆ ಹೋಗುವ ಮುನ್ನ ಆ ಬಾಗಿಲು ಯಾರಿಗಾಗಿ, ಯಾವಾಗ ತೆರೆಯಬೇಕು ಎಂಬುದನ್ನು ಎರಡೂ ಕಡೆಯವರು ಕುಳಿತು ತೀರ್ಮಾನಿಸುವುದು ಒಳಿತು. ಸಾಮಾನ್ಯವಾಗಿ ಮೂರು ಸನ್ನಿವೇಶಗಳು ಎದುರಾಗುತ್ತವೆ.

ಒಂದು, ಬಾಗಿಲನ್ನು ತೆರೆಯುವ ಅಗತ್ಯವೇ ಇಲ್ಲ. ಎರಡೂ ಭಾಗಗಳಿಗೆ ಪ್ರತ್ಯೇಕ ಪ್ರವೇಶದ್ವಾರಗಳಿವೆ. ಎರಡು, ಇಬ್ಬರ ಒಪ್ಪಿಗೆಯಿಂದ ಆಗಾಗ ತೆರೆಯಬೇಕು. ನೀರಿನ ಮೋಟಾರು, ವಿದ್ಯುತ್ ಮೀಟರ್ ಅಥವಾ ಮಹಡಿಯ ಮೆಟ್ಟಿಲು ಇನ್ನೊಂದು ಬದಿಯಲ್ಲಿದೆ. ಮೂರು, ಒಂದೇ ಫ್ಲ್ಯಾಟಿನ ಕೋಣೆಗಳನ್ನು ಬೇರೆ ಬೇರೆಯವರು ಬಾಡಿಗೆಗೆ ಪಡೆದಿದ್ದು, ಹಜಾರ ಹಾಗೂ ಅಡುಗೆಮನೆ ಎಲ್ಲರಿಗೂ ಸೇರಿದೆ. ಈ ಮೂರಕ್ಕೂ ಒಂದೇ ಬೀಗ ಹೊಂದುವುದಿಲ್ಲ.

ತೆರೆಯದ ಬಾಗಿಲಿಗೆ ಎರಡು ಅಗುಳಿ

ಮೊದಲ ಸನ್ನಿವೇಶಕ್ಕೆ ದುಬಾರಿ ಬೀಗವೇ ಬೇಕಿಲ್ಲ. ಬಾಗಿಲಿನ ಎರಡೂ ಪಕ್ಕದಲ್ಲಿ ತಲಾ ಒಂದು ಗಟ್ಟಿಯಾದ ಅಗುಳಿ, ಅಂದರೆ ಅಂಗಡಿಗಳಲ್ಲಿ ಟವರ್ ಬೋಲ್ಟ್ ಎಂದು ಕರೆಯುವ ಚಿಲಕ, ಇದ್ದರೆ ಸಾಕು. ಒಬ್ಬರು ಹಾಕಿದ ಅಗುಳಿಯನ್ನು ಇನ್ನೊಬ್ಬರು ತೆಗೆಯಲಾಗದು. ಇಬ್ಬರೂ ಒಪ್ಪಿದಾಗ ಮಾತ್ರ ಬಾಗಿಲು ತೆರೆಯುತ್ತದೆ. ಬೀಗದ ಕೈ ಕಳೆಯುವ, ನಕಲಾಗುವ ಚಿಂತೆಯೂ ಇಲ್ಲ.

ಹೋಟೆಲುಗಳಲ್ಲಿ ಅಕ್ಕಪಕ್ಕದ ಕೋಣೆಗಳ ನಡುವೆ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಬಾಗಿಲುಗಳಿರುವುದೂ ಇದೇ ತತ್ತ್ವದ ಮೇಲೆ. ಪ್ರತಿ ಕೋಣೆಯವರು ತಮ್ಮ ಬಾಗಿಲನ್ನು ತಾವೇ ಭದ್ರಪಡಿಸಿಕೊಳ್ಳುತ್ತಾರೆ. ಚೌಕಟ್ಟು ಅಗಲವಾಗಿದ್ದರೆ ಮನೆಗಳಲ್ಲೂ ಎರಡನೆಯ ಬಾಗಿಲು ಕೂರಿಸಬಹುದು. ಇದರಿಂದ ಮಾತು, ಟಿವಿಯ ಸದ್ದು ದಾಟುವುದೂ ತಗ್ಗುತ್ತದೆ.

ಬಳಕೆಯ ಬಾಗಿಲಿಗೆ ಸಿಲಿಂಡರ್ ಬೀಗ

ಆಗಾಗ ತೆರೆಯಬೇಕಾದ ಬಾಗಿಲಿಗೆ ಸಾಮಾನ್ಯವಾಗಿ ಮೂರು ಬಗೆಯ ಬೀಗಗಳು ಬಳಕೆಯಲ್ಲಿವೆ.

ಅಲ್ಡ್ರಾಪ್ ಹಾಗೂ ತೂಗುಬೀಗ: ಅಗ್ಗ, ಸರಳ. ಆದರೆ ಒಂದು ಪಕ್ಕದಿಂದ ಮಾತ್ರ ಕೆಲಸ ಮಾಡುತ್ತದೆ. ಹೊರಗಿನಿಂದ ಬೀಗ ಜಡಿದರೆ ಒಳಗಿರುವವರು ಬಂದಿಯಾಗುತ್ತಾರೆ. ಆದ್ದರಿಂದ ಜನ ಮಲಗುವ ಕೋಣೆಗೆ ಇದು ಸೂಕ್ತವಲ್ಲ.

ನೈಟ್ ಲ್ಯಾಚ್: ಬಾಗಿಲ ಮೇಲ್ಮೈಗೆ ಜೋಡಿಸುವ ಬೀಗ. ಬಾಗಿಲು ಎಳೆದುಕೊಂಡರೆ ಸ್ಪ್ರಿಂಗ್ ಬಲದಿಂದ ತಾನಾಗಿ ಬೀಳುತ್ತದೆ. ಹೊರಗೆ ಬೀಗದ ಕೈ, ಒಳಗೆ ಗುಂಡಿ. ಕೈ ಒಳಗೆ ಮರೆತು ಹೊರಬಂದರೆ ಬಾಗಿಲಾಚೆ ನಿಲ್ಲಬೇಕಾದೀತು. ಕೇವಲ ಸ್ಪ್ರಿಂಗ್ ನಾಲಗೆಯನ್ನು ತೆಳುವಾದ ಪ್ಲಾಸ್ಟಿಕ್ ಪಟ್ಟಿಯಿಂದಲೂ ಹಿಂದೆ ಸರಿಸಲು ಸಾಧ್ಯವಿರುವುದರಿಂದ, ಕೈ ತಿರುಗಿಸಿ ನಾಲಗೆಯನ್ನು ಬಿಗಿಗೊಳಿಸುವ ಸೌಲಭ್ಯವಿರುವುದನ್ನೇ ಕೊಳ್ಳಬೇಕು.

ಮಾರ್ಟಿಸ್ ಬೀಗ: ಬಾಗಿಲಿನ ಅಂಚನ್ನು ಕೊರೆದು ಒಳಗೆ ಕೂರಿಸುವಂಥದು. ಇದರಲ್ಲಿ ಸಿಲಿಂಡರ್ ಬದಲಿಸಬಹುದಾದ ಮಾದರಿ ಬಾಡಿಗೆ ಮನೆಗೆ ಅತ್ಯಂತ ಉಪಯುಕ್ತ. ಬಾಡಿಗೆದಾರರು ಬದಲಾದಾಗ ಇಡೀ ಬೀಗ ಕೀಳಬೇಕಿಲ್ಲ. ಅಂಚಿನಲ್ಲಿರುವ ಒಂದು ಸ್ಕ್ರೂ ಬಿಚ್ಚಿ ಹಳೆಯ ಸಿಲಿಂಡರ್ ಹೊರತೆಗೆದು ಹೊಸದನ್ನು ಕೂರಿಸಿದರೆ ಹಳೆಯ ಕೈಗಳೆಲ್ಲ ನಿರರ್ಥಕವಾಗುತ್ತವೆ.

ಈ ಸಿಲಿಂಡರುಗಳ ಒಳಗಿರುವ ಪಿನ್ ವ್ಯವಸ್ಥೆಯ ಮೂಲ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲಿದೆ. 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಜೂನಿಯರ್ ಅದಕ್ಕೆ ಇಂದಿನ ರೂಪ ಕೊಟ್ಟರು. ಭಾರತದಲ್ಲಿ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬೈಯಲ್ಲಿ ಬೀಗ ತಯಾರಿಕೆ ಆರಂಭಿಸಿದರು. ಉತ್ತರ ಪ್ರದೇಶದ ಅಲಿಗಢ, ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ ಹೆಸರಾದ ಊರುಗಳು.

ಸಿಲಿಂಡರಿನಲ್ಲೂ ಆಯ್ಕೆಗಳಿವೆ. ಎರಡೂ ಪಕ್ಕ ಬೀಗದ ಕೈ ಬೇಕಾಗುವುದು ಒಂದು ಬಗೆ; ಒಂದು ಪಕ್ಕ ಕೈ, ಇನ್ನೊಂದು ಪಕ್ಕ ತಿರುಗಿಸುವ ಗುಂಡಿ ಇರುವುದು ಇನ್ನೊಂದು. ಮೊದಲ ಬಗೆಯ ಸಾಧಾರಣ ಸಿಲಿಂಡರಿನಲ್ಲಿ ಒಂದು ಪಕ್ಕ ಕೈ ಸಿಕ್ಕಿಸಿ ಬಿಟ್ಟರೆ ಇನ್ನೊಂದು ಪಕ್ಕದಿಂದ ತೆರೆಯಲಾಗದಿರಬಹುದು. ಹಂಚಿಕೊಂಡ ಫ್ಲ್ಯಾಟಿನ ಕೋಣೆಗಳಿಗೆ ಒಳಗೆ ಗುಂಡಿ ಇರುವ ಬಗೆಯೇ ಸರಿ. ಸಿಲಿಂಡರಿನ ಉದ್ದ ಬಾಗಿಲ ದಪ್ಪಕ್ಕೆ ಹೊಂದಬೇಕು. ಹೆಚ್ಚು ಹೊರಚಾಚಿದರೆ ಇಕ್ಕಳದಿಂದ ಹಿಡಿದು ಮುರಿಯುವುದು ಸುಲಭ.

ಬೀಗಕ್ಕಿಂತ ಬಾಗಿಲು ಮುಖ್ಯ

ಒಳಾಂಗಣದ ಬಾಗಿಲುಗಳು ಮುಂಬಾಗಿಲಿಗಿಂತ ತೆಳುವಾಗಿರುತ್ತವೆ. ಫ್ಲಶ್ ಬಾಗಿಲುಗಳಲ್ಲಿ ಬೀಗ ಕೂರುವ ಜಾಗದಲ್ಲಿ ಗಟ್ಟಿಮರ ಇದೆಯೇ ಎಂಬುದನ್ನು ಬಡಗಿಯಿಂದ ಪರೀಕ್ಷಿಸಿಕೊಳ್ಳಬೇಕು. ಪಿವಿಸಿ ಬಾಗಿಲಿಗೆ ಎಂಥ ಬೀಗ ಹಾಕಿದರೂ ಒಂದು ಒದೆತಕ್ಕೆ ಕಿತ್ತು ಬರುತ್ತದೆ. ಬೀಗದ ನಾಲಗೆ ಸೇರುವ ಚೌಕಟ್ಟಿನ ತಗಡಿಗೆ ಗಿಡ್ಡ ಸ್ಕ್ರೂಗಳ ಬದಲು ಉದ್ದನೆಯ ಸ್ಕ್ರೂ ಬಳಸುವುದು ಕಡಿಮೆ ಖರ್ಚಿನ ದೊಡ್ಡ ಸುಧಾರಣೆ.

ಬಹುತೇಕರು ಮರೆಯುವುದು ಹಿಂಜ್‌ಗಳನ್ನು. ಬಾಗಿಲು ಯಾರ ಕಡೆಗೆ ತೆರೆದುಕೊಳ್ಳುತ್ತದೆಯೋ ಹಿಂಜ್‌ನ ಕಡ್ಡಿಗಳು ಸಾಮಾನ್ಯವಾಗಿ ಅವರ ಕಡೆಗಿರುತ್ತವೆ. ಕಡ್ಡಿ ತೆಗೆಯಬಹುದಾದ ಬಗೆಯದಾಗಿದ್ದರೆ ಬೀಗ ಮುಟ್ಟದೆಯೇ ಬಾಗಿಲನ್ನು ಕಳಚಬಹುದು. ಕಡ್ಡಿ ತೆಗೆಯಲಾಗದ ಹಿಂಜ್ ಹಾಕಿಸುವುದು ಇದಕ್ಕೆ ಪರಿಹಾರ.

ಬೆಂಕಿ ಬಿದ್ದರೆ ದಾರಿ ಯಾವುದು?

ಭದ್ರತೆಯ ಭರದಲ್ಲಿ ಜೀವರಕ್ಷಣೆ ಮರೆಯಬಾರದು. ನಗರದ ಮನೆಗಳ ಕಿಟಕಿಗಳಿಗೆಲ್ಲ ಕಬ್ಬಿಣದ ಸರಳುಗಳಿರುವುದರಿಂದ ಬಾಗಿಲೊಂದೇ ಹೊರಹೋಗುವ ದಾರಿ. ನಿರ್ಗಮನದ ಬಾಗಿಲನ್ನು ಒಳಗಿನವರು ಬೀಗದ ಕೈ ಇಲ್ಲದೆ ತೆರೆಯುವಂತಿರಬೇಕು ಎಂಬುದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಿಲುವು. ನಡುಬಾಗಿಲು ಮುಚ್ಚಿದ ಮೇಲೂ ಪ್ರತಿ ಭಾಗಕ್ಕೆ ಸ್ವಂತ ಹೊರದಾರಿ ಉಳಿಯುತ್ತದೆಯೇ ಎಂದು ಮೊದಲು ನೋಡಬೇಕು. ಒಬ್ಬರ ಏಕೈಕ ದಾರಿ ಇನ್ನೊಬ್ಬರ ಹಜಾರದ ಮೂಲಕವಿದ್ದರೆ, ಆ ಬಾಗಿಲನ್ನು ಆಚೆಯಿಂದ ಭದ್ರಪಡಿಸುವುದು ಅಪಾಯಕ್ಕೆ ಆಹ್ವಾನ.

ಕರಾರಿನಲ್ಲಿ ಬರೆಯಿರಿ

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಬಾಡಿಗೆ ಕೊಟ್ಟು ಷರತ್ತುಗಳನ್ನು ಪಾಲಿಸುವವರು ಅಡ್ಡಿಯಿಲ್ಲದೆ ಸ್ವತ್ತನ್ನು ಅನುಭವಿಸಬಹುದು. ಸೂಕ್ತ ಸಮಯದಲ್ಲಿ ಒಳಬಂದು ಪರಿಶೀಲಿಸಲು ಮಾಲೀಕರಿಗೆ ಅವಕಾಶ ಕೊಡಬೇಕೆಂದೂ, ಸ್ವತ್ತನ್ನು ಪಡೆದ ಸ್ಥಿತಿಯಲ್ಲಿ ಹಿಂದಿರುಗಿಸಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಬಾಡಿಗೆದಾರರು ಬಾಗಿಲು ಕೊರೆಯುವ ಮುನ್ನ ಲಿಖಿತ ಒಪ್ಪಿಗೆ ಪಡೆಯುವುದು ಸರಿ. ಬಳಸಿದ ಹಳೆಯ ಬೀಗವನ್ನು ಎಸೆಯದೆ ಇಟ್ಟುಕೊಂಡರೆ ಮನೆ ಬಿಡುವಾಗ ತಕರಾರು ತಪ್ಪುತ್ತದೆ.

ಬಾಡಿಗೆದಾರರನ್ನು ಹೊರಗಿಟ್ಟು ಮಾಲೀಕರು ಬೀಗ ಜಡಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅನ್ವಯ ಆರು ತಿಂಗಳೊಳಗೆ ಸ್ವಾಧೀನ ಮರಳಿ ಕೋರಿ ದಾವೆ ಹೂಡಬಹುದು. ಪೇಯಿಂಗ್ ಗೆಸ್ಟ್ ವ್ಯವಸ್ಥೆ ಸಾಮಾನ್ಯವಾಗಿ ಬಾಡಿಗೆಯಲ್ಲ, ಪರವಾನಗಿ ಮಾತ್ರ. ಅಲ್ಲಿ ಈ ರಕ್ಷಣೆಗಳು ಅದೇ ರೀತಿ ದೊರೆಯದಿರಬಹುದಾದ ಕಾರಣ ಬರಹದ ಒಪ್ಪಂದದ ಮಹತ್ವ ಇನ್ನೂ ಹೆಚ್ಚು.

ನಡುಬಾಗಿಲಿಗೆ ಎಷ್ಟು ಕೈಗಳಿವೆ, ಯಾರ ಬಳಿ ಇವೆ, ತುರ್ತು ಸಮಯದಲ್ಲಿ ಯಾರು ತೆರೆಯಬಹುದು, ಸಿಲಿಂಡರ್ ಬದಲಿಸುವ ಖರ್ಚು ಯಾರದು ಎಂಬ ನಾಲ್ಕು ಸಾಲುಗಳು 11 ತಿಂಗಳ ಕರಾರುಪತ್ರದಲ್ಲಿರಲಿ. ತುರ್ತಿನ ಕೈಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಇಬ್ಬರೂ ಸಹಿ ಹಾಕಿ ಇಡುವ ಕ್ರಮವೂ ಉಂಟು. ಲಕೋಟೆ ಒಡೆದಿದ್ದರೆ ತಿಳಿಯುತ್ತದೆ.

ಅಂಗಡಿಯಲ್ಲಿ 'ಕಂಪ್ಯೂಟರ್ ಕೀ' ಎಂದು ಮಾರುವ ಗುಳಿಗಳುಳ್ಳ ಕೈಗಳನ್ನೂ ಯಂತ್ರದಲ್ಲಿ ನಕಲು ಮಾಡಬಹುದು. ಅಂಕಿ ಒತ್ತಿ ತೆರೆಯುವ ಡಿಜಿಟಲ್ ಬೀಗದಲ್ಲಿ ನಕಲಿನ ಭಯವಿಲ್ಲ. ಆದರೆ ಸಂಕೇತ ಬದಲಿಸುವ ಮುಖ್ಯ ಅಧಿಕಾರ ಯಾರ ಕೈಯಲ್ಲಿದೆ, ಬಂದುಹೋದ ವೇಳೆಯ ದಾಖಲೆ ಯಾರ ಮೊಬೈಲಿಗೆ ಹೋಗುತ್ತದೆ, ಬ್ಯಾಟರಿ ಮುಗಿದರೆ ತೆರೆಯುವುದು ಹೇಗೆ ಎಂಬುದನ್ನು ಕೇಳಿಯೇ ಕೊಳ್ಳಬೇಕು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ. ಮುಂಗಡ ಹಣ ಕೊಡುವ ದಿನವೇ ನಡುಬಾಗಿಲಿನ ಮುಂದೆ ನಿಂತು, ತಮ್ಮ ಪಕ್ಕದಲ್ಲಿ ಅಗುಳಿ ಇದೆಯೇ ಎಂದು ನೋಡಿಕೊಳ್ಳುವುದು ಜಾಣತನ. ಇಲ್ಲವಾದರೆ ಗೃಹಪ್ರವೇಶಕ್ಕೆ ಮುನ್ನ ಹಾಕಿಸಿಕೊಡುವಂತೆ ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.