ಸಮಭಾಜಕ ಅಯಾನುಗೋಳದ ಏರುಪೇರುಗಳು: ಒಂದು ಕಾರಣಶೋಧದ ಇತಿಹಾಸ

ಪೆರು ದೇಶದ ಹುವಾಂಕಾಯೊ ವೀಕ್ಷಣಾಲಯವು ಭೂಕಾಂತೀಯ ಸಮಭಾಜಕದ ಸಮೀಪದಲ್ಲಿದೆ. ಅಲ್ಲಿಂದ ಮೇಲಕ್ಕೆ ಕಳುಹಿಸಿದ ರೇಡಿಯೋ ಸ್ಪಂದನಗಳು ಕೆಲವು ರಾತ್ರಿಗಳಲ್ಲಿ ಸ್ಪಷ್ಟ ರೇಖೆಯಾಗಿ ಮರಳದೆ ಹರಡಿಕೊಂಡು ಬರುತ್ತಿದ್ದವು. 1938ರಲ್ಲಿ ಬೂಕರ್ ಮತ್ತು ವೆಲ್ಸ್ ಇದನ್ನು ವರದಿ ಮಾಡಿ, ಅಯಾನುಗೋಳದ ಎಫ್ ಪದರದಲ್ಲಿನ ಸಾಂದ್ರತೆಯ ಏರುಪೇರುಗಳೇ ಕಾರಣವೆಂದರು. ಈ ವಿದ್ಯಮಾನಕ್ಕೆ 'ಸ್ಪ್ರೆಡ್ ಎಫ್' ಎಂಬ ಹೆಸರು ನಿಂತಿತು.

ಏರುಪೇರುಗಳು ಹುಟ್ಟುವುದು ಹೇಗೆ? ಹಗುರವಾದ ದ್ರವದ ಮೇಲೆ ಭಾರವಾದ ದ್ರವವನ್ನಿಟ್ಟರೆ ಆ ಸ್ಥಿತಿ ನಿಲ್ಲದು. ರ‍್ಯಾಲೆ-ಟೇಲರ್ ಅಸ್ಥಿರತೆಯೆಂದರೆ ಇದೇ. 1956ರಲ್ಲಿ ಡಂಗೆ ಇದನ್ನು ಎಫ್ ಪದರದ ತಳಭಾಗಕ್ಕೆ ಅನ್ವಯಿಸಿದರು. ಆದರೆ ಲಿಮಾ ನಗರದ ಬಳಿಯ ಹಿಕಾಮಾರ್ಕಾ ರೇಡಾರ್ ಏರುಪೇರುಗಳನ್ನು ಪದರದ ಮೇಲ್ಭಾಗದಲ್ಲಿಯೂ ತೋರಿಸಿತು. ಅಲ್ಲಿ ಸಾಂದ್ರತೆ ಮೇಲೇರಿದಂತೆ ಕಡಿಮೆಯಾಗುವುದರಿಂದ ಈ ತತ್ತ್ವಕ್ಕೆ ಅವಕಾಶವೇ ಇಲ್ಲ. ಲಭ್ಯ ಸಿದ್ಧಾಂತಗಳಾವುವೂ ಸಾಲವೆಂದು ಫಾರ್ಲೆ ಮತ್ತು ಸಂಗಡಿಗರು 1970ರಲ್ಲಿ ಬರೆದರು. ಪ್ರಾಮಾಣಿಕವಾದ ಈ ನಿರಾಕರಣೆಯೇ ಮುಂದಿನ ಶೋಧಕ್ಕೆ ದಾರಿಯಾಯಿತೆನ್ನಬಹುದು. 1976ರಲ್ಲಿ ವುಡ್‌ಮನ್ ಮತ್ತು ಲಾ ಹೋಸ್ ಪ್ರಕಟಿಸಿದ ರೇಡಾರ್ ಚಿತ್ರಗಳಲ್ಲಿ ಹೊಗೆಯ ಗರಿಗಳಂತಹ ಆಕೃತಿಗಳು ತಳದಿಂದ ಮೇಲಕ್ಕೆ ಚಾಚಿದ್ದವು. ತಳದಲ್ಲಿ ಹುಟ್ಟಿದ ವಿರಳ ಪ್ಲಾಸ್ಮಾದ ಗುಳ್ಳೆಯು ಪದರವನ್ನು ಭೇದಿಸಿ ಮೇಲೇರುತ್ತದೆಂದು ಅವರು ವಿವರಿಸಿದರು. ಡಂಗೆಯವರ ತತ್ತ್ವ ತಪ್ಪಾಗಿರಲಿಲ್ಲ. ಅದು ಕಥೆಯ ಆರಂಭವನ್ನಷ್ಟೇ ಹೇಳಿತ್ತು.

ಈ ಆರಂಭಕ್ಕೆ ಸನ್ನಿವೇಶವನ್ನು ಒದಗಿಸುವುದು ಗಾಳಿ. ಸೂರ್ಯಾಸ್ತದ ವೇಳೆ ಕೆಳಗಿನ ಇ ಪದರದ ವಿದ್ಯುದ್ವಾಹಕತೆ ಕುಸಿಯುತ್ತದೆ. ಆಗ ಪೂರ್ವಾಭಿಮುಖ ಗಾಳಿಯಿಂದ ಉಂಟಾದ ವಿದ್ಯುತ್ ಕ್ಷೇತ್ರವು ಎಫ್ ಪದರವನ್ನು ಮೇಲೆತ್ತುತ್ತದೆ. ಕಣಸಂಘಟ್ಟನೆ ವಿರಳವಾದ ಆ ಎತ್ತರದಲ್ಲಿ ಅಸ್ಥಿರತೆ ಬೇಗ ಬೆಳೆಯುತ್ತದೆ. ಉತ್ತರ-ದಕ್ಷಿಣ ದಿಕ್ಕಿನ ಗಾಳಿಯಾದರೋ ಅದನ್ನು ತಡೆಯಬಲ್ಲದೆಂದು 1988ರಲ್ಲಿ ಮಾರುಯಾಮ ತೋರಿಸಿದರು.

ಸನ್ನಿವೇಶವಿದ್ದರೂ ಬೀಜ ಬೇಕು. ಗರಿಗಳು ಕೆಲವೊಮ್ಮೆ ನೂರಾರು ಕಿಲೋಮೀಟರ್ ಅಂತರದಲ್ಲಿ ಸಾಲಾಗಿ ಕಾಣುವುದರಿಂದ, ವಾತಾವರಣದ ಗುರುತ್ವ ತರಂಗಗಳತ್ತ ಗಮನ ಹರಿಯಿತು. (ಐನ್‌ಸ್ಟೈನರ ಗುರುತ್ವ ಅಲೆಗಳಿಗೂ ಇವಕ್ಕೂ ಸಂಬಂಧವಿಲ್ಲ; ಇವು ತೇಲುವಿಕೆಯ ಬಲದಿಂದ ಗಾಳಿಯಲ್ಲಿ ಏಳುವ ಅಲೆಗಳು.) ಗುಡುಗುಮೋಡಗಳ ಮೇಲೆ ಹುಟ್ಟಿದ ಅಲೆಗಳು ಎಫ್ ಪದರದವರೆಗೂ ತಲುಪಬಲ್ಲವು. 1981ರಲ್ಲಿ ಕೆಲ್ಲಿ ಮತ್ತು ಸಂಗಡಿಗರು ಇಂತಹ ಒಂದು ನಿದರ್ಶನವನ್ನು ವಿಶ್ಲೇಷಿಸಿದರು. ಇದಕ್ಕೆ ಪ್ರತಿವಾದವೂ ಇದೆ: ಎತ್ತರಕ್ಕನುಗುಣವಾಗಿ ಪ್ಲಾಸ್ಮಾ ಚಲನೆಯ ದಿಕ್ಕು ಬದಲಾಗುವುದೇ ಸಾಕೆಂದು ಹೈಸೆಲ್ ಮತ್ತು ಕುಡೆಕಿ 2004ರಲ್ಲಿ ಸೂಚಿಸಿದರು.

ಅದೇ ಕಾಂತೀಯ ಸಮಭಾಜಕದ ಬಳಿಯಿರುವ ಭಾರತದ ತುಂಬಾದಲ್ಲಿಯೂ ಈ ಅಧ್ಯಯನ ಬೆಳೆಯಿತು. ಏರುಪೇರುಗಳಿಂದ ಉಪಗ್ರಹ ಸಂಕೇತಗಳು ಮಿನುಗುವುದರಿಂದ, ಅವನ್ನು ಮುನ್ಸೂಚಿಸಲೆಂದೇ 2008ರಲ್ಲಿ ಅಮೆರಿಕವು ಸಿ/ನಾಫ್ಸ್ ಉಪಗ್ರಹವನ್ನು ಹಾರಿಸಿತು. ಅದು 2015ರಲ್ಲಿ ವಾತಾವರಣಕ್ಕೆ ಮರಳಿ ನಾಶವಾಯಿತು. ಒಂದು ರಾತ್ರಿ ಗುಳ್ಳೆಗಳೆದ್ದು ಮರುರಾತ್ರಿ ಏಳದಿರುವುದೇಕೆಂಬ ಪ್ರಶ್ನೆ ಮಾತ್ರ ಉಳಿದಿದೆ.